ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೆಲಸ ಕೆಟ್ಟಾಗ ನೆಪ ಹೇಳುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಹರಿತವಾದ ಮಾತು ಇನ್ನೊಂದಿಲ್ಲ. ಆದರೆ ಇದನ್ನು ಹೇಳುವವರು ಸಾಮಾನ್ಯವಾಗಿ ಕುಣಿಯುವವರಲ್ಲ, ಕುಳಿತು ನೋಡುವವರು ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಬಗ್ಗಿ ನೆಲವನ್ನು ನೋಡಿ ಬಂದು ಆಮೇಲೆ ಗಾದೆ ಹೇಳಿದವರಂತೂ ಇನ್ನೂ ಕಡಿಮೆ.

ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಇಷ್ಟೆ: ಕೆಲಸ ಬಲ್ಲ ನೌಕರನೊಬ್ಬ ಒತ್ತಡಕ್ಕೆ ಸಿಕ್ಕಿ, ತನ್ನ ಮೇಲೆ ತನಗಿದ್ದ ನಂಬಿಕೆಯನ್ನು ಕಳೆದುಕೊಂಡು, ಕೊನೆಗೆ ಕೆಲಸವನ್ನೂ ಕೆಡಿಸಿದರೆ ಆ ದೋಷ ಯಾರ ಲೆಕ್ಕಕ್ಕೆ ಸೇರಬೇಕು? ಅವನೊಬ್ಬನದೇ? ಅಥವಾ ಅವನ ನಂಬಿಕೆಯನ್ನು ಕಸಿದವರಿಗೂ ಅದರಲ್ಲಿ ಪಾಲುಂಟೆ? ಊರು ಬಿಟ್ಟು ಬಂದು ಈ ಮುಂಬಯಿಯಲ್ಲಿ ತಿಂಗಳ ಸಂಬಳವನ್ನೇ ನೆಚ್ಚಿ ಬದುಕುವ ನಮ್ಮಂಥ ಕುಟುಂಬಗಳಿಗೆ ಇದು ಬರಿಯ ತತ್ತ್ವವಿಚಾರವಲ್ಲ. ಸಂಜೆ ಏಳರ ಲೋಕಲಿನಿಂದ ಇಳಿದು ಬಾಗಿಲಲ್ಲಿ ನಿಲ್ಲುವ ಮುಖ ಎಂಥದು ಎಂಬುದರ ಮೇಲೆ ಆ ಮನೆಯ ರಾತ್ರಿಯ ಊಟದ ರುಚಿ ನಿಂತಿರುತ್ತದೆ.

ಮೊದಲು ಕಣ್ಣಾರೆ ಕಂಡ ಒಂದು ಸಂಗತಿ. ಕೆಲವು ವರ್ಷಗಳ ಹಿಂದೆ ನಮ್ಮ ಕಛೇರಿಯಲ್ಲಿ ಒಬ್ಬ ಸಹೋದ್ಯೋಗಿಯಿದ್ದರು. ಲೆಕ್ಕದಲ್ಲಿ ಚುರುಕು, ನಿಯಮಗಳೆಲ್ಲ ಬಾಯಿಪಾಠ. ಒಂದು ದಿನ ಅವರು ಬರೆದ ಟಿಪ್ಪಣಿಯೊಂದನ್ನು ಮೇಲಧಿಕಾರಿಗಳು ಇಡೀ ಸೆಕ್ಷನ್ನಿನ ಎದುರು ಗಟ್ಟಿಯಾಗಿ ಓದಿ, ಸಾಲುಸಾಲಿಗೂ ನಗಿಸಿದರು. ಅಂದಿನಿಂದ ಆ ಮನುಷ್ಯ ಸ್ವಂತ ಅಭಿಪ್ರಾಯ ಬರೆಯುವುದನ್ನೇ ನಿಲ್ಲಿಸಿಬಿಟ್ಟರು. ಯಾವ ಫೈಲು ಬಂದರೂ ಕೊನೆಗೆ 'ಆದೇಶಕ್ಕಾಗಿ ಮಂಡಿಸಿದೆ' ಎಂಬ ಒಂದೇ ಸಾಲು. ಅಷ್ಟರಲ್ಲಿ ಒಬ್ಬ ವಿಧವೆಯ ಕುಟುಂಬ ಪಿಂಚಣಿಯ ಕಾಗದ ಬಂತು. ಆಕೆ ನಮ್ಮ ಕಡೆಯವರು. ಗಂಡನ ಸರ್ವಿಸ್ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಒಂದು ಇನಿಷಿಯಲ್ಲು ಮಾತ್ರ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಪೂರ್ತಿ ಸೇರಿದೆ. ಅಡ್ಡಹೆಸರು ಇಟ್ಟುಕೊಳ್ಳದ ನಮ್ಮ ಜನರಿಗೆ ಈ ಊರಿನ ಅರ್ಜಿ ನಮೂನೆಗಳೊಡನೆ ಇರುವ ಹಳೆಯ ಜಗಳವಿದು. ಎರಡೂ ಹೆಸರು ಒಬ್ಬಳದೇ ಎಂದು ಆಕೆಯಿಂದ ಒಂದು ಘೋಷಣಾಪತ್ರ ಪಡೆಯೋಣವೆಂದು ಸೂಚಿಸಲು ಎರಡು ಸಾಲು ಸಾಕಾಗಿತ್ತು. ನಮ್ಮ ಸಹೋದ್ಯೋಗಿಗೆ ಅದು ಗೊತ್ತೂ ಇತ್ತು. ಆದರೂ 'ಆದೇಶಕ್ಕಾಗಿ' ಎಂದು ಬರೆದರು. ಫೈಲು 'ಚರ್ಚಿಸಿ' ಎಂಬ ಷರಾದೊಂದಿಗೆ ಹಿಂತಿರುಗಿತು. ಚರ್ಚಿಸಲು ಆ ಕೋಣೆಯೊಳಗೆ ಹೋಗುವ ಧೈರ್ಯ ಅವರಿಗಿರಲಿಲ್ಲ. ಫೈಲು ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಮಲಗಿತು.

ಕೊನೆಗೆ ಮೆಮೊ ಬಂದದ್ದು ಗುಮಾಸ್ತರಿಗೆ. ಕಾನೂನಿನ ದೃಷ್ಟಿಯಿಂದ ಅದು ಸರಿಯೇ. ಫೈಲು ಇದ್ದದ್ದು ಅವರ ಡ್ರಾಯರಿನಲ್ಲಿ. ಆದರೆ ನ್ಯಾಯದ ದೃಷ್ಟಿಯಿಂದ? ಆ ನಗುವಿಗೂ ಈ ವಿಳಂಬಕ್ಕೂ ನಡುವೆ ಇದ್ದ ದಾರವನ್ನು ಯಾವ ಮೆಮೊದಲ್ಲೂ ಬರೆಯಲು ಸ್ಥಳವಿಲ್ಲ. ಇಷ್ಟಕ್ಕೂ ಇದರ ಬೆಲೆ ತೆತ್ತವರು ಇಬ್ಬರಲ್ಲಿ ಒಬ್ಬರೂ ಅಲ್ಲ; ಬಾಡಿಗೆ ಮನೆಯಲ್ಲಿ ಕುಳಿತು ಅಂಚೆಯವನ ದಾರಿ ಕಾಯುತ್ತಿದ್ದ ಆ ಹೆಂಗಸು.

ಒತ್ತಡವೆಂಬ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ವಿಜ್ಞಾನ ಓದಿದವರಿಗೆ ಅದು ಪ್ರಯೋಗಶಾಲೆಯ ತಂತಿಯನ್ನು ನೆನಪಿಗೆ ತರುತ್ತದೆ. ಮೇಲಿನಿಂದ ತಂತಿಯೊಂದನ್ನು ಇಳಿಬಿಟ್ಟು, ಕೆಳಗೆ ಅರ್ಧರ್ಧ ಕಿಲೋ ತೂಕ ಏರಿಸುತ್ತ, ಅದು ಎಷ್ಟು ಹಿಗ್ಗಿತೆಂದು ಅಳೆಯುವ ಪ್ರಯೋಗ ಅದು. ಅಲ್ಲಿ ಎರಡು ಪಾಠಗಳಿವೆ. ಒಂದು: ತಂತಿಯ ಮೇಲಿನ ಒತ್ತಡವೆಂದರೆ ಬರಿಯ ತೂಕವಲ್ಲ, ತೂಕವನ್ನು ತಂತಿಯ ದಪ್ಪದಿಂದ, ಎಂದರೆ ಅಡ್ಡಕೊಯ್ತದ ವಿಸ್ತೀರ್ಣದಿಂದ, ಭಾಗಿಸಿದಾಗ ಬರುವ ಮೊತ್ತ. ಅದೇ ತೂಕ ದಪ್ಪ ತಂತಿಗೆ ಹಗುರ, ಸಣ್ಣ ತಂತಿಗೆ ಭಾರ. ಎರಡು: ಒಂದು ಮಿತಿಯವರೆಗೆ ತೂಕ ಇಳಿಸಿದರೆ ತಂತಿ ಮೊದಲಿನ ಉದ್ದಕ್ಕೆ ಮರಳುತ್ತದೆ, ಮಿತಿ ಮೀರಿದರೆ ತೂಕವನ್ನೆಲ್ಲ ತೆಗೆದರೂ ಮರಳದು. ಆದರೆ ಮನುಷ್ಯನಿಗೂ ತಂತಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬೈದರೆ ತಂತಿ ಸಣ್ಣಗಾಗುವುದಿಲ್ಲ, ಮನುಷ್ಯ ಆಗುತ್ತಾನೆ. ಅವನ ಮೇಜಿನ ಮೇಲೆ ಒಂದು ಫೈಲನ್ನೂ ಹೆಚ್ಚಿಸದೆ, ಅವನ ಆತ್ಮವಿಶ್ವಾಸವನ್ನು ಸವೆಸುವುದರಿಂದಲೇ ಅವನ ಒತ್ತಡವನ್ನು ಇಮ್ಮಡಿ ಮಾಡಬಹುದು. ನಾವು ಒತ್ತಡವನ್ನು ಅಳೆಯುವಾಗ ಫೈಲುಗಳನ್ನು ಎಣಿಸುತ್ತೇವೆ, ಈ ಸವಕಳಿಯನ್ನು ಎಣಿಸುವುದಿಲ್ಲ.

'ಸ್ವಲ್ಪ ಹೆದರಿಕೆಯಿಲ್ಲದಿದ್ದರೆ ಯಾರು ಕೆಲಸ ಮಾಡುತ್ತಾರೆ ಸ್ವಾಮಿ?' ಎಂದು ಕೇಳುವವರುಂಟು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. 1908ರಲ್ಲಿ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಅವು ಸುತ್ತಿ ಸುತ್ತಿ ಕುಣಿಯುವ ಒಂದು ಜಾತಿಯ ಸಣ್ಣ ಇಲಿಗಳು ಎಂಬುದು ನಮ್ಮ ಗಾದೆಯ ದೃಷ್ಟಿಯಿಂದ ಸ್ವಾರಸ್ಯಕರ. ಎರಡು ಪೆಟ್ಟಿಗೆಗಳಲ್ಲಿ ಸರಿಯಾದುದನ್ನು ಆರಿಸಿದರೆ ಸರಿ, ತಪ್ಪಿದರೆ ಕಾಲಿಗೆ ವಿದ್ಯುತ್ತಿನ ಏಟು. ಪೆಟ್ಟಿಗೆಗಳ ವ್ಯತ್ಯಾಸ ಸುಲಭವಾಗಿ ಕಾಣುವಂತಿದ್ದಾಗ ಏಟು ಜೋರಾದಷ್ಟೂ ಇಲಿಗಳು ಬೇಗ ಕಲಿತವು. ವ್ಯತ್ಯಾಸ ಸೂಕ್ಷ್ಮವಾಗಿದ್ದಾಗ ಹಾಗಾಗಲಿಲ್ಲ. ಹಿತಮಿತವಾದ ಏಟಿಗೆ ಚೆನ್ನಾಗಿ ಕಲಿತ ಇಲಿಗಳು ಜೋರಾದ ಏಟಿಗೆ ಹಿಂದೆ ಬಿದ್ದವು. ಇಲಿಯಿಂದ ಮನುಷ್ಯನಿಗೆ ನೇರವಾಗಿ ಹಾರುವುದು ತರವಲ್ಲವಾದರೂ, ಕಛೇರಿಯಲ್ಲಿ ಮೂವತ್ತು ದಿನ ಕುಳಿತವರಿಗೆ ಇದು ಹೊಸ ಸಂಗತಿಯೇನಲ್ಲ. ಲಕೋಟೆಗೆ ಅಂಟು ಹಚ್ಚುವ ಕೆಲಸ ಗದರಿಕೆಯಿಂದ ಬೇಗ ಆದೀತು. ಎರಡು ನಿಯಮಗಳಲ್ಲಿ ಯಾವುದು ಅನ್ವಯಿಸುತ್ತದೆಂದು ಯೋಚಿಸುವ ಕೆಲಸ ಗದರಿಕೆಯಿಂದ ಆಗುವುದಿಲ್ಲ. ಭಯ ಕೈಯನ್ನು ಚುರುಕುಗೊಳಿಸಬಲ್ಲದು. ಬುದ್ಧಿಯನ್ನು ಮಾತ್ರ ಮುದುಡಿಸುತ್ತದೆ.

ಇನ್ನು ಒತ್ತಡವೆಂಬುದು ದೊಡ್ಡ ಹುದ್ದೆಯವರ ಕಾಯಿಲೆ, ಗುಮಾಸ್ತನಿಗೇನು ಚಿಂತೆ ಎಂಬ ನಂಬಿಕೆ. ಇದನ್ನು ಅಲುಗಾಡಿಸಿದ್ದು ನಮ್ಮಂಥದೇ ಒಂದು ಸರಕಾರಿ ನೌಕರವರ್ಗ. ಲಂಡನ್ನಿನ ವೈಟ್‌ಹಾಲ್ ಸರಕಾರಿ ಕಛೇರಿಗಳ ಸುಮಾರು 18,000 ಪುರುಷ ನೌಕರರ ಆರೋಗ್ಯವನ್ನು 1967ರಿಂದ ವರ್ಷಗಟ್ಟಲೆ ಗಮನಿಸಿದರು. ಹೃದಯದ ಕಾಯಿಲೆಯಿಂದ ಸತ್ತವರು ಮೇಲಿನ ದರ್ಜೆಯ ಅಧಿಕಾರಿಗಳಲ್ಲಿ ಕಡಿಮೆ. ದರ್ಜೆ ಇಳಿದಂತೆ ಮೆಟ್ಟಿಲುಮೆಟ್ಟಿಲಾಗಿ ಹೆಚ್ಚು. ಧೂಮಪಾನ, ರಕ್ತದೊತ್ತಡ ಇವುಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರ ಪೂರ್ತಿ ಹೋಗಲಿಲ್ಲ. 1985ರಲ್ಲಿ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ ಗಂಡಸರೂ ಹೆಂಗಸರೂ ಸೇರಿ 10,308 ನೌಕರರ ಎರಡನೆಯ ಅಧ್ಯಯನ ಆರಂಭವಾಯಿತು. ತನ್ನ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂಬ ವಿಷಯದಲ್ಲಿ ತನ್ನ ಮಾತು ನಡೆಯದಿರುವುದು ಇದಕ್ಕೆ ಒಂದು ಮುಖ್ಯ ಕಾರಣವೆಂದು ಅದರಲ್ಲಿ ಕಂಡುಬಂತು. ಕೆಲಸದ ಹೊರೆಗಿಂತ, ಹೊರೆ ಹೊತ್ತವನಿಗೆ ಹೆಗಲು ಬದಲಾಯಿಸುವ ಸ್ವಾತಂತ್ರ್ಯವಿಲ್ಲದಿರುವುದು ಹೆಚ್ಚು ನೋಯಿಸುತ್ತದೆ ಎಂದಾಯಿತು.

ಹಾಗಾದರೆ ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ? ಪದದಲ್ಲಿ 'ಆತ್ಮ' ಇರುವುದರಿಂದ ಅದು ಒಬ್ಬನ ಒಳಗೇ ಹುಟ್ಟಿ ಒಳಗೇ ಬೆಳೆಯುವ ವಸ್ತುವೆಂದು ನಾವು ಭಾವಿಸಿದ್ದೇವೆ. ಬೆಳಗ್ಗೆ ಎದ್ದು ಕನ್ನಡಿಯ ಮುಂದೆ 'ನಾನು ಗೆಲ್ಲುವೆ' ಎಂದು ಹತ್ತು ಸಲ ಹೇಳಿದರೆ ಬಂದುಬಿಡುತ್ತದೆಂದು ಬೋಧಿಸುವವರು ಈಗ ಪ್ರತಿಯೊಬ್ಬರ ಮೊಬೈಲಿನಲ್ಲೂ ಇದ್ದಾರೆ. 1977ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ ನಾಲ್ಕು ಮೂಲಗಳನ್ನು ಹೇಳಿದರು: ತಾನೇ ಕೆಲಸ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದುದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ದೇಹ ಮನಸ್ಸುಗಳ ಆ ಹೊತ್ತಿನ ಸ್ಥಿತಿ. ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು. ನೋಡಿ, ಈ ನಾಲ್ಕರಲ್ಲಿ ಯಾವುದೂ ಪೂರ್ತಿಯಾಗಿ ಒಬ್ಬನ ಸ್ವಂತ ಆಸ್ತಿಯಲ್ಲ. ಕೆಲಸ ಮಾಡಿ ಗೆಲ್ಲಬೇಕಾದರೆ ಯಾರಾದರೂ ಅವನಿಗೆ ಪೂರ್ತಿಯಾದ ಒಂದು ಕೆಲಸವನ್ನು ನಂಬಿ ಕೊಡಬೇಕು. ಸಮುದ್ರತೀರದಲ್ಲಿ ಮಂಕಾಗಿ ಕುಳಿತಿದ್ದ ಹನುಮಂತನಿಗೆ ಶಕ್ತಿಯೇನೋ ಅವನದೇ ಇತ್ತು. ಅದನ್ನು ನೆನಪಿಸಿದವನು ಮಾತ್ರ ಜಾಂಬವಂತ.

ನೆನಪಿಸುವವರಿರುವಂತೆ ಮರೆಸುವವರೂ ಇರುತ್ತಾರೆ. 'ತೇಜೋವಧೆ' ಎಂಬ ಪದವನ್ನು ನಾವು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಅದರ ಹಿಂದೆ ಮಹಾಭಾರತದ ಒಂದು ಒಪ್ಪಂದವಿದೆ. ಶಲ್ಯನು ಕೌರವರ ಪಕ್ಷ ಸೇರಬೇಕಾಗಿ ಬಂದಾಗ ಧರ್ಮರಾಯನು ಅವನಲ್ಲಿ ಕೇಳಿಕೊಂಡದ್ದು ಒಂದೇ ಮಾತು: ನೀನು ಕರ್ಣನ ಸಾರಥಿಯಾದಾಗ ಅವನ ತೇಜಸ್ಸನ್ನು ಕುಂದಿಸು. ಇದು ಮಾಡಬಾರದ ಕೆಲಸವೆಂದು ತಿಳಿದೂ ತಿಳಿದೇ ಅವನು ಕೇಳಿದ. ಬಾಣ ಬಿಡಬೇಡ, ಕತ್ತಿ ಎತ್ತಬೇಡ, ಪಕ್ಕದಲ್ಲಿ ಕುಳಿತು ಹಂಗಿಸುತ್ತಿದ್ದರೆ ಸಾಕು ಎಂದರೆ ಏನರ್ಥ? ಮಾತಿನಿಂದ ಮನುಷ್ಯನ ಕಾರ್ಯಶಕ್ತಿಯನ್ನು ಕೊಲ್ಲಬಹುದು, ಅದೂ ಒಂದು ಬಗೆಯ ವಧೆ ಎಂದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ರಣರಂಗದಲ್ಲಿ ಇನ್ನೊಂದು ರಥವಿತ್ತು, ಇನ್ನೊಬ್ಬ ಸಾರಥಿಯಿದ್ದ. ಅಲ್ಲಿಯೂ ಯೋಧನ ಕೈ ನಡುಗಿತ್ತು, ಬಿಲ್ಲು ಜಾರಿತ್ತು. ಅರ್ಜುನನ ಬಿಲ್ಲುವಿದ್ಯೆ ಒಂದು ಕ್ಷಣದಲ್ಲಿ ಮಾಯವಾಯಿತೆ? ಇಲ್ಲ, ಮನಸ್ಸು ಮುರಿದಿತ್ತು. ಕೃಷ್ಣ ಅವನಿಗೆ ಮೆಮೊ ಕೊಡಲಿಲ್ಲ. ರಥ ನಿಲ್ಲಿಸಿ, ಅವನ ಪ್ರಶ್ನೆಗಳನ್ನೆಲ್ಲ ಕೇಳಿ, ಉತ್ತರ ಹೇಳಿದ. ಹಾಗೆಂದು ಕೃಷ್ಣ ಬರಿಯ ಸವಿಮಾತನ್ನೇ ಆಡಿದನೆಂದು ಯಾರೂ ತಿಳಿಯಬಾರದು. ಮೊದಲ ಮಾತಿನಲ್ಲೇ ಅವನು ಅರ್ಜುನನ ಹೇಡಿತನವನ್ನು ಖಂಡಿಸಿದ. ಆದುದರಿಂದ ಈ ಇಬ್ಬರು ಸಾರಥಿಗಳ ಅಂತರ ಮಾತಿನ ಕಟುತ್ವದಲ್ಲಿಲ್ಲ. ಒಬ್ಬನ ಕಟುಮಾತು ಕೆಳಗೆ ಕುಸಿದವನನ್ನು ಎಬ್ಬಿಸುವುದಕ್ಕೆ, ಇನ್ನೊಬ್ಬನದು ನಿಂತವನನ್ನು ಕೆಡಹುವುದಕ್ಕೆ. ಎಲ್ಲ ಗದರಿಕೆಯೂ ತೇಜೋವಧೆಯಲ್ಲ. ತಿದ್ದುವ ಅಧಿಕಾರಿ ತಪ್ಪನ್ನು ತೋರಿಸುತ್ತಾನೆ. ಹಂಗಿಸುವವನು ಮನುಷ್ಯನನ್ನೇ ತಪ್ಪೆಂದು ತೋರಿಸುತ್ತಾನೆ.

ಇಲ್ಲಿಯೇ ಭಯದಲ್ಲಿ ಎರಡು ಬಗೆಯುಂಟೆಂಬುದನ್ನು ಗುರುತಿಸಬೇಕು. ತಪ್ಪಾದೀತೆಂಬ ಭಯ ಒಂದು, ಮನುಷ್ಯನ ಭಯ ಇನ್ನೊಂದು. ಸಾರ್ವಜನಿಕರ ಹಣ ಮುಟ್ಟುವ ಗುಮಾಸ್ತನಿಗೆ ಮೊದಲನೆಯದು ಇರಲೇಬೇಕು. ಅದು ನಿಯಮದ ಪುಸ್ತಕವನ್ನು ತೆರೆಸುತ್ತದೆ, ಮೊತ್ತವನ್ನು ಇನ್ನೊಮ್ಮೆ ಕೂಡಿಸುತ್ತದೆ, ಗೊತ್ತಿಲ್ಲದ್ದನ್ನು ಕೇಳಿಸುತ್ತದೆ. ಎರಡನೆಯದು ಪುಸ್ತಕವನ್ನು ಮುಚ್ಚಿಸುತ್ತದೆ, ತಪ್ಪನ್ನು ಅಡಗಿಸುತ್ತದೆ, ಕೇಳಬೇಕಾದ ಬಾಯಿಗೆ ಬೀಗ ಹಾಕುತ್ತದೆ. ಮೇಲಿನವರು ಎರಡನೆಯ ಭಯವನ್ನು ಬಿತ್ತಿ ಮೊದಲನೆಯದರ ಬೆಳೆಯನ್ನು ನಿರೀಕ್ಷಿಸುತ್ತಾರೆ. ಆತ್ಮವಿಶ್ವಾಸವೆಂದರೆ ತಪ್ಪಿನ ಭಯವಿಲ್ಲದಿರುವುದಲ್ಲ. ಓದದೆ ಸಹಿ ಹಾಕುವವನಲ್ಲಿ ಇರುವುದು ವಿಶ್ವಾಸವಲ್ಲ, ಅಹಂಕಾರ. ಅದರಿಂದ ಆಗುವ ಹಾನಿಯೂ ಸಣ್ಣದಲ್ಲ. ಮನುಷ್ಯನ ಭಯ ಕಳೆದು ತಪ್ಪಿನ ಭಯ ಮಾತ್ರ ಉಳಿದ ಸ್ಥಿತಿಯೇ ನಿಜವಾದ ಆತ್ಮವಿಶ್ವಾಸ ಎನ್ನಬೇಕು.

ಸರಕಾರವೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕೇಂದ್ರ ನೌಕರರ ಕೆಲಸವನ್ನು ವರ್ಷಕ್ಕೊಮ್ಮೆ ಅಳೆಯುವ ವರದಿಗೆ ಬಹುಕಾಲ 'ಗೌಪ್ಯ ವರದಿ' ಎಂದೇ ಹೆಸರು. ಪ್ರತಿಕೂಲವಾದುದು ಇದ್ದರೆ ಮಾತ್ರ ನೌಕರನಿಗೆ ತಿಳಿಸುವ ಪದ್ಧತಿ. ಗಡಿ ರಸ್ತೆಗಳ ಇಂಜಿನಿಯರರೊಬ್ಬರಿಗೆ ಒಂದು ವರ್ಷ 'ಉತ್ತಮ' ಎಂದು ಬರೆದಿದ್ದರು. ಬಡ್ತಿಗೆ ಬೇಕಾಗಿದ್ದುದು 'ಬಹಳ ಉತ್ತಮ'. ಹೊಗಳಿಕೆಯಂತೆ ಕಾಣುವ ಆ ಒಂದು ಪದವೇ ಅವರ ಬಡ್ತಿಗೆ ಅಡ್ಡಬಂತು, ಅವರಿಗೆ ಅದು ಗೊತ್ತೇ ಇರಲಿಲ್ಲ. ದೇವ್ ದತ್ ಮೊಕದ್ದಮೆಯೆಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟು 2008ರ ಮೇ ತಿಂಗಳಲ್ಲಿ, ಒಳ್ಳೆಯದಿರಲಿ ಕೆಟ್ಟದಿರಲಿ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕೆಂದು ತೀರ್ಪಿತ್ತಿತು. 2009ರ ಮೇ ತಿಂಗಳ ಆದೇಶದಿಂದ ಪೂರ್ತಿ ವರದಿಯನ್ನು ನೌಕರನಿಗೆ ತೋರಿಸಿ, ಆಕ್ಷೇಪಣೆಗೆ 15 ದಿನಗಳ ಅವಕಾಶ ಕೊಡುವ ಕ್ರಮ ಬಂತು. 2013ರಲ್ಲಿ ಮೂವರು ನ್ಯಾಯಾಧೀಶರ ಪೀಠ ಈ ತತ್ತ್ವವನ್ನು ಎತ್ತಿಹಿಡಿಯಿತು. ಕತ್ತಲಲ್ಲಿ ಅಳೆಯುವ ಕೋಲಿಗಿಂತ ಬೆಳಕಿನಲ್ಲಿ ಅಳೆಯುವ ಕೋಲು ಮೇಲು. ಆದರೂ ವರ್ಷಕ್ಕೊಮ್ಮೆ ಬರುವ ಅಂಕವನ್ನು ತೋರಿಸಲು ಕೋರ್ಟು ಆಜ್ಞೆ ಮಾಡಬಹುದು, ದಿನವೂ ಹೇಳುವ ಮಾತಿಗೆ ಯಾವ ಕೋರ್ಟು ಬರುತ್ತದೆ?

ಪರಊರಿನಲ್ಲಿರುವ ನಮಗೆ ಈ ವಿಷಯದಲ್ಲಿ ಇನ್ನೊಂದು ಪದರವಿದೆ. ಅದು ಭಾಷೆ. 1976ರ ರಾಜಭಾಷಾ ನಿಯಮಗಳ ಪ್ರಕಾರ ಮಹಾರಾಷ್ಟ್ರ 'ಖ' ವಲಯಕ್ಕೆ ಸೇರಿದ್ದು, ಕರ್ನಾಟಕ 'ಗ' ವಲಯಕ್ಕೆ. ಇಲ್ಲಿಯ ಕೇಂದ್ರ ಕಛೇರಿಗಳಲ್ಲಿ ಹಿಂದಿಯ ಟಿಪ್ಪಣಿ ಹೆಚ್ಚು. ಪ್ರಬೋಧ, ಪ್ರವೀಣ, ಪ್ರಾಜ್ಞ ಪರೀಕ್ಷೆಗಳನ್ನು ನಮ್ಮವರು ಶ್ರದ್ಧೆಯಿಂದಲೇ ಪಾಸು ಮಾಡುತ್ತಾರೆ. ಆದರೆ ಕಲ್ಲು, ಮರ, ಫೈಲುಗಳನ್ನೆಲ್ಲ ನಪುಂಸಕಲಿಂಗಕ್ಕೆ ಸೇರಿಸಿ ನೆಮ್ಮದಿಯಿಂದ ಬೆಳೆದವರು ನಾವು. 'ಫೈಲ್ ಆ ಗಯಾ' ಎಂದುಬಿಟ್ಟರೆ, ಅದು 'ಗಯೀ' ಎಂದು ಸೆಕ್ಷನ್ನೇ ನಗುತ್ತದೆ. ಒಂದು ಸಲ ನಕ್ಕರೆ ತಮಾಷೆ. ವರ್ಷವಿಡೀ ನಕ್ಕರೆ ಆ ಮನುಷ್ಯ ಮೀಟಿಂಗಿನಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾನೆ. ಆಮೇಲೆ 'ಇವರು ಏನೂ ಮಾತಾಡುವುದಿಲ್ಲ, ಮುಂದಾಳುತನ ಸಾಲದು' ಎಂದು ಬರೆಯುತ್ತಾರೆ.

ಅದೇ ವ್ಯಕ್ತಿಯನ್ನು ಭಾನುವಾರ ಸಂಜೆ ನಮ್ಮ ಸಂಘದ ತಾಳಮದ್ದಳೆಯಲ್ಲಿ ನೋಡಬೇಕು. ಕೈಯಲ್ಲಿ ಬರೆದ ಒಂದು ಚೀಟಿಯಿಲ್ಲ. ಭಾಗವತರ ಪದ ಮುಗಿಯುತ್ತಲೇ ಮಾತು ತಾನಾಗಿ ಹೊರಡುತ್ತದೆ. ಎದುರಾಳಿಯ ಪ್ರಶ್ನೆಗೆ ಆ ಕ್ಷಣದಲ್ಲೇ ಉತ್ತರ, ಉತ್ತರದಲ್ಲೇ ಮರುಪ್ರಶ್ನೆ. ಇದಕ್ಕಿಂತ ದೊಡ್ಡ ಒತ್ತಡದ ಕೆಲಸ ಯಾವ ಕಛೇರಿಯಲ್ಲಿದೆ? ಇಲ್ಲಿ ಅಷ್ಟು ಬಲ್ಲವನು ಅಲ್ಲಿ ಮೂಕನಾಗುತ್ತಾನೆಂದರೆ ಕೊರತೆ ಅವನ ನಾಲಿಗೆಯಲ್ಲಿಲ್ಲ. ಇಲ್ಲಿ ತಪ್ಪಿದರೆ ತಿದ್ದುವ ಹಿರಿಯರಿದ್ದಾರೆ; ಅಲ್ಲಿ ತಪ್ಪಿದರೆ ಕಾದು ಕುಳಿತ ನಗುವಿದೆ. ಹಿಂದೆ ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿದ ಹುಡುಗರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಶಾಲೆಗಳು ಅಕ್ಷರವನ್ನಷ್ಟೇ ಕೊಡಲಿಲ್ಲ, ತಪ್ಪು ಓದಿದರೂ ಯಾರೂ ನಗದ ಒಂದು ಬೆಂಚನ್ನೂ ಕೊಟ್ಟವು.

ಇಷ್ಟೆಲ್ಲ ಹೇಳಿದ ಮೇಲೆ ನೌಕರನ ಪಾಲಿನದನ್ನೂ ಹೇಳಬೇಕು. ಒತ್ತಡವೆಂಬ ಹೆಸರಿನಲ್ಲಿ ಸೋಮಾರಿತನವನ್ನು ಅಡಗಿಸುವವರಿಲ್ಲವೆ? ಇದ್ದಾರೆ. ಗಾದೆ ಹುಟ್ಟಿದ್ದು ಅವರಿಗಾಗಿಯೇ. ಕರ್ಣನೂ ಶಲ್ಯನೊಬ್ಬನಿಂದ ಸೋತವನಲ್ಲ. ಅವನ ಶಾಪಗಳು ಅವನದೇ, ಅವನು ಆರಿಸಿಕೊಂಡ ಪಕ್ಷವೂ ಅವನದೇ. ಮೇಲಧಿಕಾರಿ ಕೆಟ್ಟವನೆಂಬ ಕಾರಣಕ್ಕೆ ಆ ವಿಧವೆಯ ಕಾಗದ ತಿಂಗಳುಗಟ್ಟಲೆ ಕಾಯಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಭಯ ನಮ್ಮ ತಪ್ಪಲ್ಲದಿರಬಹುದು, ಆದರೆ ಭಯದ ಖರ್ಚನ್ನು ಕೌಂಟರಿನ ಆಚೆ ನಿಂತವರಿಂದ ವಸೂಲು ಮಾಡುವುದು ನಮ್ಮ ತಪ್ಪೇ. ಒಳಗೆ ಹೋಗಿ ಚರ್ಚಿಸಲಾಗದಿದ್ದರೆ ಬರೆದು ತಿಳಿಸಬಹುದು, ಪಕ್ಕದ ಮೇಜಿನವರ ಜೊತೆಗೂಡಿ ಹೋಗಬಹುದು, ಸಂಘದ ಪ್ರತಿನಿಧಿಗೆ ಹೇಳಬಹುದು. ಹಾಗೆಯೇ, ಜೊತೆಗೆ ಬರುವೆನೆನ್ನುವುದು ಪಕ್ಕದ ಮೇಜಿನವರ ಕರ್ತವ್ಯ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಒತ್ತಡಕ್ಕೆ ನೀರಿನ ಗುಣವಿದೆ, ಯಾವಾಗಲೂ ಕೆಳಗೆ ಹರಿಯುತ್ತದೆ. ಅಧಿಕಾರಿ ಗುಮಾಸ್ತನನ್ನು ಗದರುತ್ತಾನೆ, ಗುಮಾಸ್ತ ಜವಾನನನ್ನು, ಜವಾನ ಸರದಿಯಲ್ಲಿ ನಿಂತ ಮುದುಕನನ್ನು. ಅವರೆಲ್ಲ ಮನೆಗೆ ಹೋದ ಮೇಲೆ ಅದು ಮಗುವಿನ ಗಣಿತದ ನೋಟ್‌ಬುಕ್ಕಿನ ಮೇಲೆ ಬೀಳುತ್ತದೆ. 'ನಿನಗೆ ಇಷ್ಟೂ ಬರುವುದಿಲ್ಲವೆ?' ಎಂದು ಕೇಳುವ ಅಪ್ಪ ಆ ಹೊತ್ತಿನಲ್ಲಿ ಯಾರ ಧ್ವನಿಯಲ್ಲಿ ಮಾತಾಡುತ್ತಿದ್ದಾನೆಂದು ಅವನಿಗೇ ತಿಳಿಯದು. ತನ್ನ ಮೇಲಿನವರನ್ನು ಬದಲಾಯಿಸುವ ಶಕ್ತಿ ಗುಮಾಸ್ತನಿಗಿಲ್ಲ, ನಿಜ. ಆದರೆ ನಮಗಿಂತ ಕೆಳಗೆ ಯಾರೂ ಇಲ್ಲದಷ್ಟು ಸಣ್ಣವರು ನಮ್ಮಲ್ಲಿ ಯಾರೂ ಇಲ್ಲ. ಆ ಹರಿವು ತನ್ನಲ್ಲಿಗೆ ಬಂದಾಗ ಅದಕ್ಕೊಂದು ಕಟ್ಟೆ ಕಟ್ಟುವುದು ಪ್ರತಿಯೊಬ್ಬನಿಗೂ ಸಾಧ್ಯ.

ಆದುದರಿಂದ ಮೊದಲಿನ ಪ್ರಶ್ನೆಗೆ ಉತ್ತರ ಹೀಗಾಗುತ್ತದೆ: ಕೆಟ್ಟ ಕೆಲಸದ ದೋಷ ಮಾಡಿದವನದು, ಅವನ ಕೈ ನಡುಗಿಸಿದ ದೋಷ ನಡುಗಿಸಿದವನದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನಾವು ಇಲ್ಲಿಯವರೆಗೆ ಮೊದಲನೆಯದಕ್ಕೆ ಮಾತ್ರ ಲೆಕ್ಕ ಇಟ್ಟಿದ್ದೇವೆ, ಎರಡನೆಯದಕ್ಕೆ ಪುಸ್ತಕವನ್ನೇ ತೆರೆದಿಲ್ಲ. ನಾಳೆ ಬೆಳಗ್ಗೆ ಹೊಸದಾಗಿ ಸೇರಿದ ಹುಡುಗನೋ ಹುಡುಗಿಯೋ ತಪ್ಪು ಮಾಡಿದ ಕಾಗದವೊಂದನ್ನು ಹಿಡಿದು ನಮ್ಮ ಮೇಜಿನ ಮುಂದೆ ನಿಂತಾಗ, 'ಯಾಕೆ ಹೀಗೆ ಮಾಡಿದೆ?' ಎಂದು ಕೇಳುವ ಮೊದಲು 'ಎಲ್ಲಿ ತೊಡಕಾಯಿತು?' ಎಂದು ಕೇಳೋಣ. ಅದಕ್ಕೆ ಯಾವ ಸುತ್ತೋಲೆಯೂ ಬೇಡ, ಯಾರ ಮಂಜೂರಾತಿಯೂ ಬೇಡ.